ಮೂರನೆಯ ಗ್ಲಾಸಿನ ಹೊಗೆ

ಚಿತ್ತಾಪುರದ ಕೋರ್ಟಿನಲ್ಲಿ ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಬರೆದುಕೊಂಡವನು ನಾನು. ಯಾರು ಸುಳ್ಳು ಹೇಳುತ್ತಿದ್ದಾರೆಂಬುದು ಅವರು ಗಂಟಲು ಸರಿಮಾಡಿಕೊಳ್ಳುವ ಬಗೆಯಲ್ಲೇ ನನಗೆ ತಿಳಿಯುತ್ತದೆಂದು ಜಂಬ ಕೊಚ್ಚಿಕೊಂಡವನು. ಅಂಥವನು ನಿವೃತ್ತಿಯಾದ ಮೇಲೆ, ಸ್ವಂತ ಮನೆಯಲ್ಲಿ, ಹೆಂಡತಿಯ ಎದುರು, ದಿನಕ್ಕೆರಡು ಸಲದಂತೆ ಐದು ತಿಂಗಳು ಸುಳ್ಳುಸಾಕ್ಷಿ ನುಡಿದೆ.

ಆದದ್ದಿಷ್ಟೆ. ಮಳೆಗಾಲದಲ್ಲಿ ಒಂದು ಜ್ವರ ಬಂತು. ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಾಲಿಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತಿತ್ತು. ವಾಸನೆ ಮಾತ್ರ ಸೊನ್ನೆ. "ಬರಬಹುದು, ಬಾರದೆಯೂ ಇರಬಹುದು" ಎಂದರು ಡಾಕ್ಟರು. ಇಂಥ ಮಾತನ್ನು ನಮ್ಮ ಕೋರ್ಟಿನಲ್ಲಿ ಮುಂದಿನ ತಾರೀಖು ಎನ್ನುತ್ತೇವೆ.

ಹೆಂಡತಿ ಸುಶೀಲಾಗೆ ಇದನ್ನು ಹೇಳಲಿಲ್ಲ. ಹೇಳದಿರುವುದಕ್ಕೆ ಕಾರಣವಿತ್ತು. ಅವಳು ಒಗ್ಗರಣೆ ಹಾಕುತ್ತ ಅಡುಗೆಮನೆಯಿಂದಲೇ "ಬಳ್ಳೊಳ್ಳಿ ಕೆಂಪಾತೇನ್ರಿ?" ಎಂದು ಕೂಗುವುದು, ನಾನು ಪಡಸಾಲೆಯಲ್ಲಿ ಕುಳಿತಲ್ಲಿಂದಲೇ ಮೂಗು ಅರಳಿಸಿ "ಇನ್ನಾ ಇಲ್ಲ, ತಡಿ" ಎನ್ನುವುದು ನಮ್ಮ ಮನೆಯ ಪದ್ಧತಿ. ಈ ಮೂಗು ನನಗೆ ಆಯಿಯಿಂದ, ಎಂದರೆ ಅಪ್ಪನ ತಾಯಿಯಿಂದ ಬಂದದ್ದು. ಆಕೆ ಕಟ್ಟೆಯ ಮೇಲೆ ಕುಳಿತು ಯಾರ ಒಲೆಯಲ್ಲಿ ಜಾಲಿ, ಯಾರದರಲ್ಲಿ ಹತ್ತಿಕಟ್ಟಿಗೆ, ಯಾರದರಲ್ಲಿ ತೊಗರಿಕಟ್ಟಿಗೆ ಎಂದು ಹೊಗೆ ಮೂಸಿಯೇ ಹೇಳುತ್ತಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಅಡುಗೆಗೆ ನಾನು ಮಾಡಿದ ಸಹಾಯವೆಂದರೆ ಈ ಮೂಗೊಂದೇ. ಅದೂ ಹೋಯಿತೆಂದು ಯಾವ ಬಾಯಿಂದ ಹೇಳಲಿ? "ಹೆಂಗದರಿ ಪಲ್ಯ?" ಎಂದರೆ "ಭಾಳ ಛೊಲೊ ಅದ" ಎನ್ನುತ್ತಿದ್ದೆ. ಈಚೆಗೆ ಕೆಲವು ತಿಂಗಳಿಂದ ಅವಳ ಅಡುಗೆ ಯಾಕೋ ಹುಳಿಯ ಕಡೆಗೆ ವಾಲಿತ್ತು. ದಿನಾ ತಾಟಿನಲ್ಲಿ ಪುಂಡಿಪಲ್ಯ, ಹುಣಸೆ ತೊಕ್ಕು. ವಯಸ್ಸಾಯಿತಲ್ಲ, ಕೈ ತಪ್ಪುತ್ತಿರಬೇಕೆಂದು ಉದಾರವಾಗಿ ಕ್ಷಮಿಸಿದ್ದೆ.

ಹೀಗಿರುವಾಗ ಗೆಳೆಯ ಮಾಣಿಕಪ್ಪ ಶಹಾಬಾದಿನಿಂದ ಬಂದ, ವಾಡಿಯಲ್ಲಿ ರೈಲು ಬದಲಿಸಿ, ಎದೆಗವಚಿದ ಚೀಲದಲ್ಲಿ ಮೂರು ಪುಟ್ಟ ಬಾಟಲಿ ಇಟ್ಟುಕೊಂಡು. ಜೀವನವಿಡೀ ಹಾಸುಗಲ್ಲಿಗೆ ಪಾಲಿಶ್ ಹಾಕಿಸಿದ ಮನುಷ್ಯ. ಹಡಗಿನಲ್ಲಿ ಕೆಲಸ ಮಾಡುವ ಅವನ ಅಳಿಯ ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿ ತಂದುಕೊಟ್ಟಿದ್ದ.

"ಲೇ, ಎರಡರಾಗ ತುಸು ಹೊಗಿ ವಾಸನಿ ಅದಂತ. ಒಂದರಾಗ ಏನೂ ಇಲ್ಲಂತ. ಯಾವುದು ಯಾವುದಂತ ನೀ ಮೂಸಿ ಹೇಳ್ಬೇಕು. ನಿನ್ನಂಥ ಮೂಗು ಜಿಲ್ಲಾದಾಗ ಇಲ್ಲಂತ ಅಳಿಯಗ ಹೇಳಿ ಬಂದೀನಿ" ಎಂದ.

ಅಳಿಯ ಹೇಳಿಕೊಟ್ಟ ವಿದ್ಯೆಯನ್ನು ಮಾಣಿಕಪ್ಪ ನನಗೆ ದಾಟಿಸಿದ. ಆ ನಾಡಿನಲ್ಲಿ ಜೌಗು ನೆಲವಂತೆ. ಹುಲ್ಲು, ಪಾಚಿ ಸಾವಿರಾರು ವರ್ಷ ಅರೆಕೊಳೆತು ಮಣ್ಣಾಗದೆ ಉಳಿದದ್ದಕ್ಕೆ ಪೀಟ್ ಎನ್ನುತ್ತಾರಂತೆ. ಅದನ್ನು ಸಗಣಿ ಕುರುಳಿನ ಹಾಗೆ ಕಡಿದು ಒಣಗಿಸಿ, ಉರಿಸಿ, ಆ ಹೊಗೆಯಲ್ಲಿ ಮೊಳಕೆಯ ಬಾರ್ಲಿ ಒಣಗಿಸುತ್ತಾರೆ. ಕಾಳಿಗೆ ಹತ್ತಿದ ಹೊಗೆ ವಿಸ್ಕಿಯವರೆಗೂ ಬರುತ್ತದೆ. ನನಗೆ ನಗು ಬಂತು. ನಮ್ಮ ಚಿತ್ತಾಪುರದ ಬಿಸಿಲಿನಲ್ಲಿ ಒಂದು ದಿನ ಅಂಗಳದಲ್ಲಿ ಹರವಿದ್ದರೆ ಮುಗಿಯುತ್ತಿತ್ತು! ಬಿಸಿಲಿನ ಬಡತನದಲ್ಲಿ ಹುಟ್ಟಿದ ರುಚಿಗೆ ಜಗತ್ತೆಲ್ಲ ಬೆನ್ನು ಹತ್ತಿದೆ. ದೇವರು ಎಲ್ಲರಿಗೂ ಎಲ್ಲ ಕೊಡದಿದ್ದುದು ಎಷ್ಟು ಒಳ್ಳೆಯದಾಯಿತು.

ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿದೆವು. ಮಾಣಿಕಪ್ಪ ಬಾಟಲಿಗಳಿಗೆ ಪೇಪರು ಸುತ್ತಿ ಒಂದು, ಎರಡು, ಮೂರು ಎಂದು ಬರೆದ. ಪ್ರತಿ ಗ್ಲಾಸಿಗೂ ಎರಡು ಗುಟುಕು, ಮೇಲೊಂದು ಚಮಚ ನೀರು. ಐದು ತಿಂಗಳ ಗುಟ್ಟು ಈಗ ಅಂಗಳದಲ್ಲಿ ಬೀಳುವುದಿತ್ತು. ಮೊದಲನೆಯದನ್ನು ಮೂಸಿದೆ. ನೀರು ಮೂಸಿದ ಹಾಗೆ. "ಹೂಂ, ತುಸು ಹೊಗಿ ಅದ" ಎಂದೆ, ಗಂಟಲು ಸರಿಮಾಡಿಕೊಂಡು. ಎರಡನೆಯದೂ ಹಾಗೆಯೇ. "ಇದರಾಗ ಇಲ್ಲ" ಎಂದೆ, ಧೈರ್ಯ ಮಾಡಿ.

ಮೂರನೆಯದನ್ನು ಮೂಗಿಗೆ ಹಿಡಿದೆ. ಹಿಡಿದವನು ಎದ್ದು ನಿಂತೆ. ಹೊಗೆ! ಸುಳ್ಳಲ್ಲ, ಊಹೆಯಲ್ಲ, ಸಾಕ್ಷಾತ್ ಹೊಗೆ. ಕಣ್ಣಲ್ಲಿ ನೀರು ಬಂತು.

"ಮಾಣಿಕ್ಯಾ, ಇದು! ಎಲ್ಲಕ್ಕಿಂತ ಜಾಸ್ತಿ ಹೊಗಿ ಇದರಾಗೇ ಅದ!"

ಅವನು ಪೇಪರು ಬಿಚ್ಚಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಹುಚ್ಚ, ಹೊಗಿ ಇಲ್ಲದ್ದು ಇದೊಂದೇ ನೋಡು! ಜಿಲ್ಲಾದ ಮೂಗಂತ ಹೊಗಳಿದ್ನಲ್ಲೋ!"

"ಆಣಿ ಮಾಡಿ ಹೇಳ್ತೀನಿ, ಹೊಗಿ ಅದ."

ಬಾಗಿಲಲ್ಲಿ ಹುರಿದ ಶೇಂಗಾ ಹಿಡಿದು ನಿಂತಿದ್ದ ಸುಶೀಲಾ ಕಂಪೌಂಡಿನ ಕಡೆ ಕೈ ತೋರಿಸಿದಳು. ಆಚೆ ಪಕ್ಕದ ಮನೆಯ ಕಾಶಮ್ಮ ಸ್ನಾನದ ಹಂಡೆಯ ಒಲೆಗೆ ಕಟ್ಟಿಗೆ ತುರುಕುತ್ತಿದ್ದಳು. "ಅದು ಕಾಶಕ್ಕನ ಒಲಿ. ಹೊಸಾ ತೊಗರಿ ಕಟಗಿ" ಎಂದಳು. ಆಮೇಲೆ ದನಿ ಸಣ್ಣದು ಮಾಡಿ, "ವಾಸನಿ ಬಂತೇನ್ರಿ?"

ನಾನು ಬೆಪ್ಪಾದೆ. "ನಿನಗ ಹೆಂಗ ಗೊತ್ತು?"

"ಜ್ವರ ಬಿಟ್ಟ ಮ್ಯಾಲ ಒಂದಿನ ಹಾಲು ಹೊತ್ತಿ ಮನಿತುಂಬ ವಾಸನಿ. ನೀವು ಒಲಿ ಬಾಜೂಕ ಕುಂತು ಪೇಪರ್ ಓದ್ಲಿಕತ್ತಿದ್ರಿ. ಅವತ್ತೇ ತಿಳೀತು. ನೀವಾಗೇ ಹೇಳ್ತೀರೇನೋ ಅಂತ ಸುಮ್ಮನಿದ್ದೆ. ನಾಲಿಗಿಗರೆ ಏನಾರ ಹತ್ಲಿ ಅಂತ ಪುಂಡಿಪಲ್ಯ ಮಾಡಕೋತ ಬಂದೆ."

ಐದು ತಿಂಗಳ ಹುಳಿಯ ಅರ್ಥ ಒಂದೇ ಏಟಿಗೆ ಆಯಿತು. ಕ್ಷಮಿಸಿದ್ದು ನಾನಲ್ಲ.

ಕುರ್ಚಿಗಳನ್ನು ಒಳಗೆ ಹಾಕಿ, ಬಾಗಿಲು ಮುಂದೆ ಮಾಡಿ, ವಿಚಾರಣೆಯನ್ನು ಮೊದಲಿನಿಂದ ಶುರುಮಾಡಿದೆ. ಈ ಸಲ ಪ್ರಾಮಾಣಿಕವಾಗಿ. ಮೊದಲನೆಯದರಲ್ಲಿ ಹೊಗೆಯೇ ಮುಂದೆ ಬಂದು ಬಾಗಿಲು ತೆಗೆಯುತ್ತದೆ. ನೀರು ಚಿಮುಕಿಸಿದ ಒಲೆಯ ಬೂದಿಯ ಹಾಗೆ, ಹಿಂದಿನಿಂದ ಬೆಲ್ಲದ ಸಿಹಿ. ಎರಡನೆಯದು ಮೊದಲು ಬರೀ ಜೇನು, ಮಾಗಿದ ಪೇರಲ. ಹೊಗೆ ಇಲ್ಲವೇ ಇಲ್ಲ ಎಂದುಕೊಂಡು ನುಂಗಿದರೆ ಆಮೇಲೆ ಗಂಟಲಿನಿಂದ ಮೆಲ್ಲಗೆ ಮೇಲೆದ್ದು ಬರುತ್ತದೆ, ಹೊರಟೆ ಎಂದು ಹೇಳಿದ ಬೀಗರು ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡಿದ ಹಾಗೆ. ನನಗೆ ಹಿಡಿಸಿದ್ದು ಇದು. ಮಾಣಿಕಪ್ಪನಿಗೆ ಮೊದಲನೆಯದು. ಮೂರನೆಯದು ತೊಳೆದ ಹಾಸುಗಲ್ಲಿನಂತೆ ಸ್ವಚ್ಛ. ಅದರ ಮೇಲೆ ಹೊರಿಸಿದ ಆರೋಪವನ್ನು ಹಿಂತೆಗೆದುಕೊಂಡೆ.

ಎಷ್ಟು ಜನಕ್ಕೆ ಋಣಿಯಾಗಲಿ? ಬಿಸಿಲಿಲ್ಲದ ದೇಶದವರಿಗೆ, ಹಡಗಿನ ಅಳಿಯನಿಗೆ, ಆಯಿಗೆ, ಅದೇ ಗಳಿಗೆಗೆ ಒಲೆ ಹಚ್ಚಿದ ಕಾಶಮ್ಮನಿಗೆ.

ಮರುದಿನ ಮಧ್ಯಾಹ್ನ ಸುಶೀಲಾ ಬಿಸಿ ಜೋಳದ ರೊಟ್ಟಿ ಬಡಿಸಿ ಎದುರು ನಿಂತಳು. "ಹೆಂಗದರಿ?"

ಮೂಸಿ ನೋಡಿದೆ. ಗಂಟಲು ಸರಿಮಾಡಿಕೊಳ್ಳಲಿಲ್ಲ. "ಒಂದು ಕಡಿ ಹೊತ್ತಿದ ವಾಸನಿ ಬರ್ಲಿಕತ್ತದ."

"ಏನಂದ್ರಿ? ಇನ್ನೊಮ್ಮಿ ಹೇಳ್ರಿ" ಎಂದಳು, ಸೆರಗಿನಿಂದ ಬಾಯಿ ಮುಚ್ಚಿ ನಗುತ್ತ.

ಇನ್ನೊಮ್ಮೆ ಹೇಳಿದೆ. ಆಮೇಲೆ ರೊಟ್ಟಿ ಪೂರ್ತಿ ತಿಂದೆ, ಹೊತ್ತಿದ ತುಂಡನ್ನು ಕೊನೆಗೆಂದು ಉಳಿಸಿಕೊಂಡು.