ಗೊತ್ತಿಲ್ಲದ್ದಕ್ಕೊಂದು ಹೆಸರು

ಅತ್ತಿಗೆ ನೆಮ್ಮದಿಯಾಗಿ ಕೂತದ್ದನ್ನು ನಾನು ಕಂಡಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕುಕ್ಕರಗಾಲಲ್ಲಿ, ಹೆಬ್ಬೆರಳಿಂದ ನೆಲ ಕೆರೆಯುತ್ತಾ, ಇನ್ನೇನು ಎದ್ದುಬಿಡುತ್ತಾಳೆ ಎನ್ನುವಂತೆಯೇ ಕೂರುತ್ತಿದ್ದಳು.

ಸಂತೆಬಾಚಹಳ್ಳಿ ಹತ್ತಿರದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಹತ್ತನೇ ತರಗತಿಯ ಗಣಿತವೊಂದು ಅವಳಿಗೆ ಉಳಿದಿತ್ತು. ಅದು ಪಾಸಾದರೆ ಊರಿನ ಅಂಗನವಾಡಿಯಲ್ಲಿ ಕೆಲಸ ಸಿಗುವ ಆಸೆ. ಪಿಯುಸಿ ಓದುತ್ತಿದ್ದ ನಾನೇ ಮೇಷ್ಟ್ರು. ಸಂಜೆ ಅವಳು ಹಾಲು ಕರೆಯುವಾಗ ಕೊಟ್ಟಿಗೆಯಲ್ಲೇ ಪಾಠ.

“ನಿನ್ನೆ ಎಕ್ಸ್ ಅಂದ್ರೆ ಐದು ಅಂದೆ, ಇವತ್ತು ಎಂಟು ಅಂತೀಯ. ಇದ್ಕೆ ನಿಯತ್ತೇ ಇಲ್ವೇನಮ್ಮಿ?”

“ಅದು ಗೊತ್ತಿಲ್ದೆ ಇರೋ ಸಂಖ್ಯೆ ಅತ್ಗೆ. ಒಂದೊಂದು ಲೆಕ್ಕದಲ್ಲಿ ಒಂದೊಂದು.”

“ಗೊತ್ತಿಲ್ದೆ ಇರೋದ್ಕೆ ಎಸ್ರು ಯಾಕೆ ಮಡಗ್ತೀರಿ?”

ನಾನು ಮುಂದಿನ ಲೆಕ್ಕ ಓದಿದೆ. ಕೆಲವು ದಿನ ಅದೇ ಪ್ರಶ್ನೆ ಅವಳ ತಲೆ ತಿಂದಿತು. ಒಂದು ಸಂಜೆ ಗಬ್ಬದ ಹಸುವಿನ ಮೈ ಸವರುತ್ತಾ ತಾನೇ ಅಂದಳು: “ಒಟ್ಟೇಲಿರೋದು ಗಂಡೋ ಎಣ್ಣೋ ಗೊತ್ತಿಲ್ಲ. ಆದ್ರೂ ಕರು ಅಂತೀವಿ. ಅಂಗಂದ್ರೆ ತಾನೆ ಅದ್ರ ಮಾತು ಆಡೋಕಾಗೋದು. ಅಂಗೇನಾ?”

“ಅಂಗೇ ಅತ್ಗೆ!”

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಮುದ್ದೆ ತಿರುಗಿಸುತ್ತಲೇ, “ಮೂರು ಎಕ್ಸು, ನಾಲ್ಕು ಸೇರಿದ್ರೆ ಅತ್ತೊಂಬತ್ತು. ಎಲ್ಡೂ ಕಡೆ ನಾಲ್ಕು ತಗಿ, ಮೂರ್ರಲ್ಲಿ ಭಾಗ್ಸು... ಐದು ಕಣಮ್ಮಿ!” ಎಂದು ಕೂಗುತ್ತಿದ್ದಳು.

ಅಷ್ಟರಲ್ಲಿ ಪಾಂಡವಪುರದ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಓದಿದ್ದು ಸಾಕೆಂದು ಅಣ್ಣ ಆಗಲೇ ಒಪ್ಪಿಬಿಟ್ಟಿದ್ದ. ಕಾಫಿ ತಂದ ಅತ್ತಿಗೆ ತಟ್ಟೆ ಕೆಳಗಿಟ್ಟು ಎಲ್ಲರೆದುರಿಗೇ ಅಂದಳು: “ನಾನು ಪಾಸಾಗೋಗಂಟ ಇವ್ಳು ಎಲ್ಗೂ ಓಗಕಿಲ್ಲ. ನಂಗೆ ಲೆಕ್ಕ ಯೋಳ್ಕೊಡೋರು ಇನ್ಯಾರವ್ರೆ?”

ಅಣ್ಣ ತಲೆ ಎತ್ತಲಿಲ್ಲ. ಗಂಡಿನವರು ಕಾಫಿ ಕುಡಿದು ಎದ್ದು ಹೋದರು.

ಆ ವರ್ಷ ಅತ್ತಿಗೆ ಫೇಲಾದಳು. ಮಾರನೆಯ ವರ್ಷವೂ. ಅವಳು ಮತ್ತೆ ಮತ್ತೆ ಪರೀಕ್ಷೆ ಕಟ್ಟಿದಳು. ನನ್ನ ಮದುವೆಯ ಮಾತು ಮುಂದೆ ಮುಂದೆ ಹೋಗಿ ಡಿಗ್ರಿ ಮುಗಿಯಿತು. ನನಗೆ ಬಿ.ಎಡ್. ಸೀಟು ಸಿಕ್ಕ ವರ್ಷ ಪಾಸಾದಳು. ಅಂಗನವಾಡಿ ಕೆಲಸ ಅಷ್ಟೊತ್ತಿಗೆ ಬೇರೆಯವರ ಪಾಲಾಗಿತ್ತು.

“ಬೇಕಂತ್ಲೇ ಫೇಲಾದ್ಯಾ ಅತ್ಗೆ?”

“ಮುದ್ದೆ ಆರೋಯ್ತದೆ, ಉಣ್ಣು,” ಎಂದು ಎದ್ದು ಒಳಗೆ ಹೋದಳು.

ಅತ್ತಿಗೆ ತೀರಿಕೊಂಡು ವರ್ಷವಾಯಿತು. ಅವಳಿದ್ದಾಗ, ನಾಗಮಂಗಲದ ಶಾಲೆಗೆ ನಾನು ಗಣಿತದ ಟೀಚರಾಗಿ ಸೇರಿದ ದಿನ ಗೇಟಿನವರೆಗೂ ಬಂದಿದ್ದಳು. ಒಳಗೆ ಬಾ ಎಂದರೆ, ಬಸ್ಸಿಗೆ ಹೊತ್ತಾಯಿತು ಎಂದಳು. ಮಧ್ಯಾಹ್ನ ತರಗತಿಯ ಕಿಟಕಿಯಿಂದ ನೋಡುತ್ತೇನೆ, ಕಾಂಪೌಂಡಿನಾಚೆ ಬಿಸಿಲಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಅತ್ತಿಂದಿತ್ತ ಓಡಾಡುತ್ತಲೇ ಇದ್ದಳು.