ತಂತಿಯ ಆ ತುದಿಯಲ್ಲಿ ಯಾರು?

ಮೈಸೂರಿನ ಮೇಟಗಳ್ಳಿಯ ಕಾರ್ಖಾನೆ ಮುಚ್ಚಿ ಟೈಪಿಸ್ಟ್ ಕೆಲಸ ಕಳೆದುಕೊಂಡಿದ್ದ ಅಮ್ಮನಿಗೆ, ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಸಿಗುವುದರಲ್ಲಿತ್ತು. ಬೆಂಗಳೂರಿನ ಕಂಪನಿ. ಟೈಪ್ ಮಾಡಿದ್ದನ್ನು ಫೋನ್ ಲೈನಿನ ಮೂಲಕವೇ ಅವರ ಸರ್ವರ್‌ಗೆ ಕಳಿಸಬೇಕು. ಪರೀಕ್ಷೆಗೆಂದು ಕೊಟ್ಟ ಪುಟ ಅವತ್ತು ಸಂಜೆಯೊಳಗೆ ಸರಿಯಾಗಿ ತಲುಪದಿದ್ದರೆ ಕೆಲಸ ಬೇರೆಯವರ ಪಾಲು. ನಾನಾಗ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಮನೆಗೇ ಕೆಲಸ ತಂದುಕೊಡುತ್ತೇವೆ ಎನ್ನುವವರನ್ನು ಗೇಟಿನಾಚೆಯೇ ನಿಲ್ಲಿಸಬೇಕು ಎಂಬುದು ನನ್ನ ವಾದ.

ಹಿನಕಲ್ಲಿನ ನಮ್ಮ ಮನೆಗೆ ಕಂಪನಿಯ ಕಡೆಯವರೊಬ್ಬರು ಬಂದರು. ಫೋನಿನ ವೈರನ್ನು ನಮ್ಮ ಕಂಪ್ಯೂಟರಿನ ಪಕ್ಕದ ಮೋಡೆಮ್ ಡಬ್ಬಿಗೆ ಸಿಕ್ಕಿಸಿ, ಅಮ್ಮನ ಕೈಯಲ್ಲೇ ಪಾಸ್‌ವರ್ಡ್ ಹೊಡೆಸಿದರು. ಡಬ್ಬಿ ಕೀಚಲು ದನಿಯಲ್ಲಿ ಅರಚಿ ಸುಮ್ಮನಾಯಿತು. ಹಳದಿ ಫೋಲ್ಡರೊಂದು ತೆರೆದುಕೊಂಡಿತು. ಅಮ್ಮ ತನ್ನ ಪುಟವನ್ನು ಅದರೊಳಗೆ ಹಾಕಿದಳು.

"ಹೋಯ್ತು ನೋಡಿ ಮೇಡಂ, ಬೆಂಗಳೂರಿಗೆ."

"ಹೋಯ್ತು ಅಂತ ಹೇಗೆ ಗೊತ್ತು?" ಅಂದೆ. "ಇಂಥ ಹಳದಿ ಫೋಲ್ಡರ್ ನಮ್ಮ ಕಂಪ್ಯೂಟರಲ್ಲೇ ಬೇಕಾದಷ್ಟಿವೆ."

ಅವರು ವೈರ್ ಕಿತ್ತರು. ಫೋಲ್ಡರ್ ತೆರೆಯಲಿಲ್ಲ. ಸಿಕ್ಕಿಸಿ ಮತ್ತೆ ಡಯಲ್ ಮಾಡಿದರು, ತೆರೆಯಿತು.

"ಈಗ ಒಪ್ತೀರಾ?"

"ವೈರ್ ಬೇಕು ಅನ್ನೋದು ಸಾಬೀತಾಯ್ತು. ಬೆಂಗಳೂರು ಸಾಬೀತಾಗಿಲ್ಲ."

"ನಿಮ್ಮ ಮಗಳು ಏನ್ ಓದ್ತಿದಾರೆ ಮೇಡಂ, ಲಾ ನಾ?"

"ಓದೋದೆಲ್ಲಿ ಬಂತು, ಬರೀ ಜಗಳ ಕಣ್ರೀ," ಅಂದಳು ಅಮ್ಮ.

ಕಂಪನಿಗೇ ಫೋನ್ ಮಾಡಿ ಕೇಳೋಣವೆಂದರೆ ಇದ್ದ ಒಂದೇ ಲೈನನ್ನು ಮೋಡೆಮ್ ಹಿಡಿದು ಕೂತಿತ್ತು. ಕಟ್ ಮಾಡಲು ಅಮ್ಮ ಬಿಡಲಿಲ್ಲ. ಎದುರುಮನೆಯ ಟೀಚರಮ್ಮನಲ್ಲಿಗೆ ಹೋದೆ. ಬಂದವರು ಕೊಟ್ಟಿದ್ದ ನಂಬರ್ ಬೇಡ, ಅಲ್ಲಿ ಅವರ ಗೆಳೆಯನೇ ಕೂತಿರಬಹುದು. ಟೆಲಿಫೋನ್ ವಿಚಾರಣೆಯವರನ್ನು ಕೇಳಿ ಕಂಪನಿಯ ನಂಬರ್ ಪಡೆದೆ. ಹೆಂಗಸೊಬ್ಬರು ಎತ್ತಿದರು.

"ಮೈಸೂರಿಂದ ಒಂದು ಪುಟ ಬಂದಿದ್ರೆ ಮೊದಲ ಸಾಲು ಓದ್ತೀರಾ?"

"ನೀವ್ಯಾರಮ್ಮ?"

"ಟೈಪ್ ಮಾಡಿದವರ ಮಗಳು."

"ಹಾಗಂತ ಯಾರು ಬೇಕಾದ್ರೂ ಹೇಳ್ಬೋದು. ಅವರನ್ನೇ ಕರೀರಿ."

ರಿಸೀವರ್ ಪಕ್ಕಕ್ಕಿಟ್ಟು ಹೊರಗೋಡಿದೆ. ರಸ್ತೆಯಿಂದಲೇ ಕೂಗಿದೆ. ಅಮ್ಮ ಓಡಿ ಬಂದು ರಿಸೀವರ್ ಕಿತ್ತುಕೊಂಡಳು.

"ಹೌದು ಮೇಡಂ, ನಾನೇ... ಕೊನೇ ಸಾಲು ಎರಡು ಸಲ ಬಿದ್ದಿದೆಯಾ? ಅಯ್ಯೋ, ಇವಳು ಬೆಳಿಗ್ಗೆಯಿಂದ ಪಕ್ಕದಲ್ಲೇ ನಿಂತ್ಕೊಂಡು ತಲೆ ತಿಂದ್ಬುಟ್ಟಳು ರೀ... ಈಗ್ಲೇ ಸರಿ ಮಾಡಿ ಕಳಿಸ್ತೀನಿ."

ಆ ತುದಿಯಲ್ಲಿ ಯಾರೋ ಅಮ್ಮನ ಪುಟವನ್ನು ಕೊನೆಯ ಸಾಲಿನವರೆಗೆ ಓದಿದ್ದರು. ನನಗೆ ಬೇಕಿದ್ದ ಸಾಕ್ಷ್ಯ ಸಿಕ್ಕಿತ್ತು, ಅಮ್ಮನ ಕೆಲಸಕ್ಕೇ ಕುತ್ತಾಗಿ.

"ನೀನು ಇಲ್ಲೇ ಬಿದ್ದಿರು," ಎಂದು ಗದರಿ ಅಮ್ಮ ಹೊರಟಳು.

ಟೀಚರಮ್ಮ ಕೊಟ್ಟ ಕಾಫಿ ಆರುತ್ತಿತ್ತು. ಮನೆಗೆ ಫೋನ್ ಮಾಡಿದೆ. ಎಂಗೇಜ್. ಲೈನ್ ಬಿಝಿ ಇದೆ ಅಂದರೆ ಪುಟ ಹೋಗುತ್ತಿದೆ ಅಂತೇನೂ ಅಲ್ಲ. ಆದರೂ ಅದೇ ಟೋನ್ ಕೇಳಲೆಂದು ಮತ್ತೆ ಮತ್ತೆ ಮಾಡಿದೆ. ಕೊನೆಗೊಮ್ಮೆ ಟೋನ್ ಬದಲು ರಿಂಗ್ ಆಯಿತು. ಯಾರೂ ಎತ್ತಲಿಲ್ಲ. ತಲೆಯೆತ್ತಿದರೆ ಅಮ್ಮ ಟೀಚರಮ್ಮನ ಗೇಟಿನಲ್ಲಿದ್ದಳು.

"ಕಂಪನಿಯವರು ಈಗಷ್ಟೇ ಫೋನ್ ಮಾಡಿದ್ರು. ಸೋಮವಾರದಿಂದ ಶುರು ಮಾಡಬೇಕಂತೆ. ಇನ್ಮೇಲೆ ಹಗಲು ಹೊತ್ತು ಫೋನ್ ಮುಟ್ಟೀಯ ಮತ್ತೆ."