ಒಂದು ಸಂಪು, ಎರಡು ಬೀಗ

ಲೋಕವೆಲ್ಲ ಹಾಳಾಗಿ, ಉಳಿದ ನಾಲ್ಕು ಜನ ನೀರಿಗೂ ಕೂಳಿಗೂ ಅಲೆಯುವ ಸಿನಿಮಾ ಅಂದರೆ ನನಗೆ ಹುಚ್ಚು. ಹೆಬ್ಬಾಳದ ಕಾರ್ಖಾನೆಯಿಂದ ದಣಿದು ಬಂದ ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಿದ್ದೆ. ಆಗದವರಿಬ್ಬರು ವಿಧಿಯಿಲ್ಲದೆ ಜೊತೆಯಾದರೆ ಸಾಕು, ನಂಬ್ಬೇಡ ಕಣಮ್ಮ, ಕೈ ಕೊಡ್ತಾಳೆ ಎಂದು ಟೀವಿಗೇ ಬುದ್ಧಿ ಹೇಳುತ್ತಿದ್ದೆ. ಗಂಡ ನಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಸಿದ್ಧಾರ್ಥನಗರದ ನಮ್ಮ ಬೀದಿಯ ಪೈಪು ಒಡೆದು ನಲ್ಲಿ ನಿಂತುಹೋಯಿತು. ನಮ್ಮ ಕಟ್ಟಡದಲ್ಲಿ ಇರುವುದು ಎರಡೇ ಬಾಡಿಗೆ ಮನೆ. ಕೆಳಗೆ ನಾವು, ಮೇಲೆ ಬಟ್ಟೆ ಹೊಲಿಯುವ ಒಂಟಿ ಹೆಂಗಸು. ಆಕೆಯ ಒದ್ದೆ ಸೀರೆ ನನ್ನ ಸಂಡಿಗೆಯ ಮೇಲೆ ತೊಟ್ಟಿಕ್ಕಿದಂದಿನಿಂದ ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ. ಈಗ ಇಬ್ಬರಿಗೂ ಒಂದೇ ಸಂಪು, ಅದರಲ್ಲಿ ಮೊಣಕಾಲುದ್ದ ನೀರು. ಅತ್ತೆ ಹಾಸಿಗೆ ಹಿಡಿದಿದ್ದರು. ದಿನಕ್ಕೆರಡು ಸಲ ಮೈ ಒರೆಸಿ ಬಟ್ಟೆ ಬದಲಿಸದಿದ್ದರೆ ಬೆನ್ನಿನ ಹುಣ್ಣು ಕೀವಾಗುತ್ತಿತ್ತು. ನೀರು ಮುಗಿದರೆ ಏನು ಗತಿ ಎಂಬ ಹೆದರಿಕೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಮುಚ್ಚಳಕ್ಕೆ ಎರಡು ಬೀಗ ಹಾಕುವ ಯೋಚನೆ ನನ್ನದೇ. ಒಂದು ಕೀಲಿ ಆಕೆಗೆ, ಒಂದು ನನಗೆ. ಇಬ್ಬರೂ ಬಂದರೆ ಮಾತ್ರ ಮುಚ್ಚಳ ಏಳುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇದನ್ನೂ ನಾನಾಗಿ ಹೇಳಲಿಲ್ಲ, ಮನೆ ಓನರ್‌ಗೆ ಫೋನ್ ಮಾಡಿ ಅವರ ಬಾಯಿಂದ ಹೇಳಿಸಿದೆ. ಬೆಳಿಗ್ಗೆ ಆರಕ್ಕೆ ತಲಾ ಮೂರು ಕೊಡ. ನಾನು ಆಕೆಯ ಕೊಡ ನೋಡುತ್ತಿದ್ದೆ, ಆಕೆ ನನ್ನದು.

ಐದನೆಯ ದಿನ ಆಕೆ ಬರಲಿಲ್ಲ. ಬೀಗ ಒಡೆಯಲು ಕಲ್ಲು ಹುಡುಕುತ್ತಿದ್ದಾಗ, ಸೊಪ್ಪಿನವಳಿಗೆಂದು ಆಕೆ ಇಳಿಬಿಡುತ್ತಿದ್ದ ಬುಟ್ಟಿ ಮೇಲಿನ ಬಾಲ್ಕನಿಯಿಂದ ಇಳಿಯಿತು. ಒಳಗೆ ಕೀಲಿ. ಜ್ವರ, ಮೆಟ್ಟಿಲಿಳಿಯಲು ಆಗುತ್ತಿಲ್ಲ, ತನ್ನ ಪಾಲನ್ನೂ ಸೇದಿಕೊಡಿ ಎಂದು ಹೇಳಿ ಒಳಗೆ ಹೋದಳು.

ಆಕೆಯ ಮೂರು ಕೊಡ ತುಂಬಿದೆ, ನನ್ನ ಮೂರೂ ತುಂಬಿದೆ. ತಲೆಯೆತ್ತಿ ನೋಡಿದೆ, ಬಾಲ್ಕನಿಯಲ್ಲಿ ಯಾರೂ ಇಲ್ಲ. ನಾಲ್ಕನೆಯದನ್ನೂ ತುಂಬಿ, ಸೆರಗು ಮುಚ್ಚಿ ಅಡುಗೆಮನೆಗೆ ಸಾಗಿಸಿದೆ. ವಾಪಸ್ ಬಂದು ಎರಡೂ ಬೀಗ ಹಾಕಿದೆ.

ಆಕೆಯ ಕೊಡಗಳನ್ನು ಮೇಲೆ ಹೊತ್ತೊಯ್ದಾಗ ಬಾಗಿಲಿಗೆ ಒರಗಿ ಕೂತಿದ್ದಳು. "ನಾನೊಬ್ಳೇ ಕಣ್ರೀ, ನಂಗೆ ಎರಡು ಸಾಕು. ಇದೊಂದು ನಿಮ್ಮತ್ತೇಗೆ ತಗೊಂಡೋಗಿ" ಅಂದಳು.

"ಬೇಡ, ನಮ್ಮ ಪಾಲು ನಮಗೆ ಸಾಕು" ಅಂದುಬಿಟ್ಟೆ.

ಎರಡು ದಿನಕ್ಕೆ ನಲ್ಲಿ ಬಂತು. ಎರಡೂ ಕೀಲಿ ಕೈಯಲ್ಲಿದ್ದರೂ, ತಾನಾಗಿ ಕೊಟ್ಟರೂ ಒಂದು ತೊಟ್ಟು ಹೆಚ್ಚಿಗೆ ಮುಟ್ಟದವಳು ಎಂದು ಆಕೆ ಬೀದಿಗೆಲ್ಲ ನನ್ನನ್ನು ಹೊಗಳಿಕೊಂಡು ಬಂದಳು. ಈಗ ಹೊರಗೆ ಹೋಗುವಾಗ ಮನೆ ಕೀಲಿಯನ್ನು ನನ್ನ ಹತ್ತಿರವೇ ಕೊಟ್ಟು ಹೋಗುತ್ತಾಳೆ. ಕೈ ಚಾಚಿ ಇಸಿದುಕೊಳ್ಳುತ್ತೇನೆ, ಮುಖ ನೋಡಲು ಮಾತ್ರ ನನಗೆ ಆಗುವುದಿಲ್ಲ.